ಲಾಂಗ್ ಬೆಲ್ ಹೊಡೆದ ಮೇಲೆ

ಮಗುವಿನ ವರ್ಷದಲ್ಲಿ ಶಾಲೆಯ ಪಾಲು ದೊಡ್ಡವರು ಅಂದುಕೊಂಡಷ್ಟು ದೊಡ್ಡದಲ್ಲ. ಭಾರತದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. ವರ್ಷಕ್ಕಿರುವುದು 8,760 ಗಂಟೆ. ನಿದ್ದೆಗೆಂದು ದಿನಕ್ಕೆ ಒಂಬತ್ತೂವರೆ ಗಂಟೆ ಕಳೆದರೂ ಎಚ್ಚರದ ಹೊತ್ತು ಐದು ಸಾವಿರ ಗಂಟೆ ಮೀರುತ್ತದೆ. ಪಾಠದ 800 ಗಂಟೆ ಅದರ ಆರನೇ ಒಂದು ಭಾಗವೂ ಆಗುವುದಿಲ್ಲ. ಮಿಕ್ಕ ಹೊತ್ತಿನಲ್ಲಿ ಮಗು ಏನು ಮಾಡುತ್ತದೆ ಎನ್ನುವುದು ಮಗುವಿನ ಇಷ್ಟಕ್ಕೆ, ಹೆಚ್ಚೆಂದರೆ ತಂದೆ-ತಾಯಿಯ ಇಷ್ಟಕ್ಕೆ ಬಿಟ್ಟ ವಿಷಯ ಎಂದೇ ತೋರುತ್ತದೆ. ಆದರೆ ಬೇರೆಬೇರೆ ದೇಶಗಳ ರೂಢಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಇಷ್ಟಾನಿಷ್ಟಕ್ಕಿಂತ ಬೇರೆ ಸಂಗತಿಗಳೇ ಮುಂದೆ ಬರುತ್ತವೆ. ತಾಯಿ ಕೆಲಸದಿಂದ ಎಷ್ಟು ಗಂಟೆಗೆ ಮನೆಗೆ ಬರುತ್ತಾಳೆ, ಮುಂದೆ ಕಾದಿರುವ ಪರೀಕ್ಷೆ ಯಾವುದು, ಕುಡಿಯುವ ನೀರು ಎಷ್ಟು ದೂರದಲ್ಲಿದೆ, ಮನೆ ಮುಂದಿನ ರಸ್ತೆಯಲ್ಲಿ ಎಷ್ಟು ವಾಹನ ಓಡಾಡುತ್ತವೆ, ಒಂದೂವರೆ ಶತಮಾನದ ಹಿಂದೆ ಮಾಡಿದ ಕಾನೂನಿನಲ್ಲಿ ಏನಿದೆ ಎನ್ನುವಂಥವು ಅವು.

ಈ ಹೊತ್ತಿನ ಮೇಲೆ ಎಲ್ಲಕ್ಕಿಂತ ಹಳೆಯ ಹಕ್ಕು ಮನೆಯದ್ದು. 1950ರ ದಶಕದಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞರಾದ ಜಾನ್ ಮತ್ತು ಬಿಯಾಟ್ರಿಸ್ ವೈಟಿಂಗ್ ದಂಪತಿಯ ನೇತೃತ್ವದಲ್ಲಿ ಸಂಶೋಧಕರ ತಂಡಗಳು ಆರು ಊರುಗಳಲ್ಲಿ ಮಕ್ಕಳ ದಿನಚರಿಯನ್ನು ಕೂತು ನೋಡಿ ಬರೆದುಕೊಂಡವು. ಕೀನ್ಯಾದ ಗುಸೀ ಜನರ ನ್ಯಾನ್ಸೊಂಗೊ, ಉತ್ತರ ಪ್ರದೇಶದ ಒಂದು ರಜಪೂತ ಹಳ್ಳಿ, ಓಕಿನಾವಾ, ಫಿಲಿಪ್ಪೀನ್ಸ್ ಮತ್ತು ಮೆಕ್ಸಿಕೊದ ತಲಾ ಒಂದು ಊರು, ಅಮೆರಿಕದ ನ್ಯೂ ಇಂಗ್ಲೆಂಡಿನ ಒಂದು ಪಟ್ಟಣ ಅದರಲ್ಲಿದ್ದವು. ಇವುಗಳಲ್ಲಿ ಅತಿ ಹೆಚ್ಚು ಕೆಲಸ ಮಾಡುತ್ತಿದ್ದವರು ನ್ಯಾನ್ಸೊಂಗೊದ ಮಕ್ಕಳು. ಅಲ್ಲಿ ಹೊಲದ ಕೆಲಸವೆಲ್ಲ ಹೆಂಗಸರ ಮೇಲೆಯೇ ಬಿದ್ದಿತ್ತು. ತಾಯಿ ಹೊಲಕ್ಕೆ ಹೋದರೆ ಆರೇಳು ವರ್ಷದ ಹುಡುಗಿ ಕೂಸನ್ನು ಸೊಂಟದ ಮೇಲೆ ಹೊತ್ತು ಮನೆ ನೋಡಿಕೊಳ್ಳುತ್ತಿದ್ದಳು. ಹುಡುಗರು ದನ ಮೇಯಿಸಲು ಹೊರಡುತ್ತಿದ್ದರು. ನ್ಯೂ ಇಂಗ್ಲೆಂಡಿನ ಮಕ್ಕಳ ಪಾಲಿನ ಕೆಲಸವೆಂದರೆ ತಮ್ಮ ಕೋಣೆಯನ್ನು ತಾವು ಒಪ್ಪ ಮಾಡಿಕೊಳ್ಳುವಂಥದ್ದು. ಮನೆ ನಡೆಯಲು ನಿಜವಾಗಿ ಬೇಕಾದ ಕೆಲಸ ಮಾಡುವ ಮಕ್ಕಳಲ್ಲಿ ಇನ್ನೊಬ್ಬರ ಬೇಕು-ಬೇಡ ವಿಚಾರಿಸುವ ಗುಣ ಹೆಚ್ಚು ಎಂದು 1975ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ತಾಯಿಯ ಮೇಲೆ ಕೆಲಸದ ಹೊರೆ ಎಷ್ಟಿದೆಯೋ ಅದರ ಮೇಲೆ ಮಗುವಿನ ದಿನಚರಿ ನಿಂತಿರುತ್ತದೆ ಎಂಬುದೂ ಅದರಲ್ಲಿ ಸ್ಪಷ್ಟವಾಗಿ ಕಂಡಿತು.

ಮನೆಗೆಲಸ ಗುಣ ಕಲಿಸುತ್ತದೆ ಎಂಬ ಮಾತಿಗೆ ಒಂದು ಮಿತಿ ಇದೆ. ಅದು ಎಲ್ಲ ಮಕ್ಕಳ ಮೇಲೂ ಸಮನಾಗಿ ಬೀಳುವುದಿಲ್ಲ. ಯುನಿಸೆಫ್ 2016ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ 5ರಿಂದ 14 ವರ್ಷದ ಹೆಣ್ಣುಮಕ್ಕಳು ಜಗತ್ತಿನಾದ್ಯಂತ ದಿನಕ್ಕೆ 55 ಕೋಟಿ ಗಂಟೆಗಳನ್ನು ಮನೆಗೆಲಸಕ್ಕೆ ಕೊಡುತ್ತಾರೆ. ಅದೇ ವಯಸ್ಸಿನ ಗಂಡುಮಕ್ಕಳು ಕೊಡುವುದಕ್ಕಿಂತ ಇದು 16 ಕೋಟಿ ಗಂಟೆ ಹೆಚ್ಚು. ಮನೆಗೆಲಸ ದುಡಿಮೆಯಾಗಿ ಬದಲಾಗುವ ಗೆರೆಯೂ ತೆಳುವಾದದ್ದು. ಯುನಿಸೆಫ್ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಲೆಕ್ಕದಲ್ಲಿ 2024ರಲ್ಲಿ ಬಾಲಕಾರ್ಮಿಕರ ಸಂಖ್ಯೆ 13.8 ಕೋಟಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೃಷಿಯಲ್ಲಿದ್ದಾರೆ. ಈ ಚರ್ಚೆಯ ಒಂದು ಮುಖ್ಯ ಸಭೆ ನಡೆದದ್ದು ಕರ್ನಾಟಕದಲ್ಲೇ. 1996ರಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ದುಡಿಯುವ ಮಕ್ಕಳ ಪ್ರತಿನಿಧಿಗಳು ಕುಂದಾಪುರದಲ್ಲಿ ಸೇರಿ ಹತ್ತು ಅಂಶಗಳ ಘೋಷಣೆ ಹೊರಡಿಸಿದರು. ಕೆಲಸ ಗೌರವದ್ದಾಗಿರಬೇಕು, ಓದಿಗೂ ಬಿಡುವಿಗೂ ಸಮಯ ಉಳಿಯುವಷ್ಟು ಹೊತ್ತು ಮಾತ್ರ ಇರಬೇಕು ಎಂಬುದು ಅವುಗಳಲ್ಲಿ ಒಂದು. ದುಡಿಮೆಯನ್ನೇ ನಿಲ್ಲಿಸಬೇಕು ಎನ್ನುತ್ತಿದ್ದ ದೊಡ್ಡವರಿಗೆ ಈ ಮಾತು ಅಷ್ಟಾಗಿ ರುಚಿಸಲಿಲ್ಲ. ಆದರೂ ಮಕ್ಕಳೇ ತಮ್ಮ ದಿನದ ಗಂಟೆಗಳನ್ನು ಎಣಿಸಿ ಬೇಡಿಕೆ ಇಟ್ಟ ಅಪರೂಪದ ಸಂದರ್ಭ ಅದು.

ಮನೆಗೆಲಸ ಕಡಿಮೆಯಾದ ದೇಶಗಳಲ್ಲಿ ಆ ಹೊತ್ತು ಆಟಕ್ಕೆ ಸಿಕ್ಕಿತು ಎನ್ನುವಂತಿಲ್ಲ. ಪೂರ್ವ ಏಷ್ಯಾದಲ್ಲಿ ಅದನ್ನು ಪರೀಕ್ಷೆ ತೆಗೆದುಕೊಂಡಿತು. ದಕ್ಷಿಣ ಕೊರಿಯಾದಲ್ಲಿ ಖಾಸಗಿ ಟ್ಯೂಷನ್ ಕೇಂದ್ರಗಳಿಗೆ ಹಾಗ್ವಾನ್ ಎನ್ನುತ್ತಾರೆ. ಚಿಕ್ಕ ತರಗತಿಗಳ ಮಕ್ಕಳಿಗೆ ಇವು ಓದಿನ ಜಾಗವಾಗಿರುವುದಕ್ಕಿಂತ ಹೆಚ್ಚಾಗಿ ಕೂಸುಮನೆಯ ಕೆಲಸ ಮಾಡುತ್ತವೆ. ಒಂದು, ಎರಡನೇ ತರಗತಿ ಮಧ್ಯಾಹ್ನವೇ ಬಿಡುತ್ತದೆ, ಅಪ್ಪ-ಅಮ್ಮ ಆಫೀಸಿನಿಂದ ಬರುವುದು ಸಂಜೆ ಕಳೆದ ಮೇಲೆ. ಹೀಗಾಗಿ ಶಾಲೆಯ ಗೇಟಿನ ಹೊರಗೆ ಹಳದಿ ವ್ಯಾನುಗಳು ಸಾಲುಗಟ್ಟಿ ನಿಂತಿರುತ್ತವೆ. ಟೇಕ್ವಾಂಡೊ ಶಾಲೆಯ ವ್ಯಾನು ಮಗುವನ್ನು ಹತ್ತಿಸಿಕೊಂಡು ಹೋಗುತ್ತದೆ, ಒಂದು ಗಂಟೆ ಅಭ್ಯಾಸವಾದ ಮೇಲೆ ಪಿಯಾನೊ ತರಗತಿಯ ಬಾಗಿಲಿಗೆ ಬಿಡುತ್ತದೆ, ಅಲ್ಲಿಂದ ಇನ್ನೊಂದು ವ್ಯಾನು ಗಣಿತಕ್ಕೋ ಇಂಗ್ಲಿಷಿಗೋ ಕರೆದೊಯ್ಯುತ್ತದೆ. ಟೇಕ್ವಾಂಡೊ ಮಾಸ್ತರರು ಒದೆಯುವುದನ್ನು ಎಷ್ಟು ಕಲಿಸುತ್ತಾರೋ, ಶೂ ದಾರ ಕಟ್ಟುವುದನ್ನೂ ಹಗ್ಗದಾಟವನ್ನೂ ಅಷ್ಟೇ ಕಲಿಸುತ್ತಾರೆ.

ತರಗತಿ ಮೇಲೇರಿದಂತೆ ಪಿಯಾನೊ, ಟೇಕ್ವಾಂಡೊ ಒಂದೊಂದಾಗಿ ಕಳಚಿಕೊಳ್ಳುತ್ತವೆ. ಗಣಿತ, ಇಂಗ್ಲಿಷ್, ಕೊರಿಯನ್ ಭಾಷೆ ಉಳಿಯುತ್ತವೆ. ಸೋಲ್‌ನ ಗಂಗ್ನಮ್ ಭಾಗದಲ್ಲಿರುವ ದೇಚಿ-ಡಾಂಗ್ ಎಂಬ ಬಡಾವಣೆ ಈ ಉದ್ಯಮದ ರಾಜಧಾನಿ. ರಾತ್ರಿ ಹತ್ತಾಗುತ್ತಿದ್ದಂತೆ ಅಲ್ಲಿನ ರಸ್ತೆಯ ಎರಡೂ ಬದಿ ಮಕ್ಕಳನ್ನು ಕರೆದೊಯ್ಯಲು ಬಂದ ಪಾಲಕರ ಕಾರುಗಳಿಂದ ತುಂಬಿಹೋಗುತ್ತದೆ. ಹತ್ತು ಗಂಟೆ ಎನ್ನುವುದು ಕಾಕತಾಳೀಯವಲ್ಲ, ಆ ಹೊತ್ತಿಗೆ ಹಾಗ್ವಾನ್‌ಗಳು ಬಾಗಿಲು ಹಾಕಬೇಕೆಂಬುದು ಸೋಲ್ ನಗರದ ನಿಯಮ. ಅದನ್ನು ಪ್ರಶ್ನಿಸಿದಾಗ ಸಾಂವಿಧಾನಿಕ ನ್ಯಾಯಾಲಯ 2009ರಲ್ಲಿ ನಿಯಮವನ್ನು ಎತ್ತಿಹಿಡಿಯಿತು. ನಿಯಮ ಮುರಿದವರ ಸುಳಿವು ಕೊಟ್ಟವರಿಗೆ ಅದೇ ವರ್ಷದಿಂದ ಬಹುಮಾನವೂ ಸಿಗತೊಡಗಿ, ಟ್ಯೂಷನ್ ಕೇಂದ್ರಗಳ ಬೆನ್ನು ಹತ್ತುವುದೇ ಕೆಲವರಿಗೆ ಸಂಪಾದನೆಯ ದಾರಿಯಾಯಿತು. ಅದಕ್ಕೂ ಮುಂಚೆ, 1980ರಲ್ಲಿ, ಸೇನಾಡಳಿತ ಖಾಸಗಿ ಟ್ಯೂಷನ್ನನ್ನೇ ನಿಷೇಧಿಸಿತ್ತು. ಶ್ರೀಮಂತರ ಮನೆಗಳಲ್ಲಿ ಅದು ಕದ್ದುಮುಚ್ಚಿ ನಡೆಯಿತು. 2000ದಲ್ಲಿ ನ್ಯಾಯಾಲಯ ನಿಷೇಧವನ್ನು ತೆಗೆದುಹಾಕಿತು. 2024ರ ಸರ್ಕಾರಿ ಸಮೀಕ್ಷೆಯಲ್ಲಿ ಕೊರಿಯಾದ ಶಾಲಾಮಕ್ಕಳಲ್ಲಿ ಶೇ 80ರಷ್ಟು ಮಂದಿ ಯಾವುದಾದರೊಂದು ಖಾಸಗಿ ಪಾಠಕ್ಕೆ ಹೋಗುತ್ತಿದ್ದರು. ಪಾಲಕರು ಅದಕ್ಕೆ ಸುರಿದದ್ದು ಸುಮಾರು 29 ಲಕ್ಷ ಕೋಟಿ ವಾನ್. ಮಕ್ಕಳ ಸಂಖ್ಯೆ ಇಳಿಯುತ್ತಿದೆ, ಖರ್ಚು ಏರುತ್ತಿದೆ. ಕೊರಿಯಾದ ಜನನ ಪ್ರಮಾಣ ಪಾತಾಳ ಕಂಡಿರುವುದಕ್ಕೆ ಟ್ಯೂಷನ್ ಶುಲ್ಕವೂ ಒಂದು ಕಾರಣ ಎಂದು ಸರ್ಕಾರವೇ ಒಪ್ಪಿಕೊಂಡಿದೆ. ಮಕ್ಕಳನ್ನು ಸಂಜೆಯವರೆಗೂ ಶಾಲೆಯಲ್ಲೇ ನೋಡಿಕೊಳ್ಳುವ 'ನುಲ್‌ಬೊಮ್' ಯೋಜನೆ 2024ರಲ್ಲಿ ಒಂದನೇ ತರಗತಿಯಿಂದ ಶುರುವಾದದ್ದು ಈ ಹಿನ್ನೆಲೆಯಲ್ಲಿ.

ಚೀನಾ 2021ರ ಜುಲೈನಲ್ಲಿ ಇನ್ನೂ ದೊಡ್ಡ ಕೊಡಲಿ ಎತ್ತಿತು. ಶಾಲೆಯ ಮುಖ್ಯ ವಿಷಯಗಳಲ್ಲಿ ಲಾಭಕ್ಕಾಗಿ ಟ್ಯೂಷನ್ ನಡೆಸುವಂತಿಲ್ಲ, ವಾರಾಂತ್ಯದಲ್ಲೂ ರಜೆಯಲ್ಲೂ ಪಾಠ ಮಾಡುವಂತಿಲ್ಲ, ಒಂದು ಮತ್ತು ಎರಡನೇ ತರಗತಿಗೆ ಬರೆಯುವ ಹೋಂವರ್ಕ್ ಕೊಡುವಂತಿಲ್ಲ ಎಂದು ಆದೇಶವಾಯಿತು. ಸಾವಿರಾರು ಕೋಟಿಯ ಉದ್ಯಮ ಕೆಲವೇ ತಿಂಗಳಲ್ಲಿ ಕುಸಿಯಿತು. ಟ್ಯೂಷನ್ ದೈತ್ಯ ನ್ಯೂ ಓರಿಯೆಂಟಲ್ ಕಂಪನಿ ಆನ್‌ಲೈನ್ ನೇರಪ್ರಸಾರದಲ್ಲಿ ಅಕ್ಕಿ, ಮೆಕ್ಕೆಜೋಳ ಮಾರಲು ಇಳಿಯಿತು. ಅಲ್ಲಿನ ಮೇಷ್ಟ್ರುಗಳು ನಡುನಡುವೆ ಇಂಗ್ಲಿಷ್ ಪದ ಹೇಳಿಕೊಡುತ್ತ ಜೋಳ ಮಾರಿ ಹೆಸರುವಾಸಿಯೂ ಆದರು. ಆದರೆ ಹೈಸ್ಕೂಲಿಗೂ ವಿಶ್ವವಿದ್ಯಾಲಯಕ್ಕೂ ಇರುವ ಪ್ರವೇಶ ಪರೀಕ್ಷೆಗಳು ಇದ್ದಂತೆಯೇ ಇದ್ದವು. ಬೇಡಿಕೆ ಹಾಗೆಯೇ ಉಳಿದಿದ್ದರಿಂದ ಟ್ಯೂಷನ್ ಮನೆಯೊಳಗೆ ಸೇರಿಕೊಂಡು ಇನ್ನಷ್ಟು ದುಬಾರಿಯಾಯಿತು.

ಜಪಾನಿನಲ್ಲೂ ಟ್ಯೂಷನ್ ಕೇಂದ್ರಗಳಿವೆ, ಜುಕು ಎಂದು ಅವಕ್ಕೆ ಹೆಸರು. ಟೋಕಿಯೊದ ಖಾಸಗಿ ಮಾಧ್ಯಮಿಕ ಶಾಲೆಗಳ ಪ್ರವೇಶ ಪರೀಕ್ಷೆಗೆ ಓದುವ ಹತ್ತು-ಹನ್ನೊಂದರ ಮಕ್ಕಳು ರಾತ್ರಿ ಊಟದ ಡಬ್ಬಿ ಹಿಡಿದು ಒಬ್ಬೊಬ್ಬರೇ ರೈಲಿನಲ್ಲಿ ಹೋಗಿಬರುತ್ತಾರೆ. ಆದರೂ ಜಪಾನಿನ ಬಾಲ್ಯದ ಹೆಚ್ಚಿನ ಹೊತ್ತನ್ನು ರೂಪಿಸುವುದು ಜುಕು ಅಲ್ಲ, ಊರು-ಕೇರಿ ಮತ್ತು ಶಾಲೆಯ ಕ್ಲಬ್ಬು. ಮಕ್ಕಳು ಶಾಲೆಗೆ ನಡೆದೇ ಹೋಗುತ್ತಾರೆ, ನಡೆದೇ ಬರುತ್ತಾರೆ. ಸಂಜೆ ಐದಕ್ಕೆ, ಚಳಿಗಾಲವಾದರೆ ಅದಕ್ಕೂ ಮೊದಲು, ಬಹಳಷ್ಟು ಊರುಗಳಲ್ಲಿ ಕಂಬದ ಮೇಲಿನ ಧ್ವನಿವರ್ಧಕದಿಂದ ಒಂದು ರಾಗ ಕೇಳಿಸುತ್ತದೆ. ಭೂಕಂಪ, ಸುನಾಮಿ ಎಚ್ಚರಿಕೆಗೆಂದು ಹಾಕಿದ ಯಂತ್ರ ಸರಿಯಾಗಿದೆಯೇ ಎಂದು ದಿನವೂ ಪರೀಕ್ಷಿಸಲು ಅದನ್ನು ಹಾಕುತ್ತಾರೆ. ಪಾರ್ಕಿನಲ್ಲಿ ಆಡುವ ಮಕ್ಕಳ ಪಾಲಿಗೆ ಅದು ಮನೆಗೆ ಹೋಗುವ ಹೊತ್ತಾಯಿತೆಂಬ ಸೂಚನೆ.

ಅಲ್ಲಿನ ಬೇಸಿಗೆ ರಜೆ ಜುಲೈ ಕೊನೆಯಿಂದ ಆಗಸ್ಟ್ ಕೊನೆಯವರೆಗೆ, ಸುಮಾರು 40 ದಿನ. ಶಾಲೆಯ ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಈ ರಜೆ ವರ್ಷದ ನಡುವೆ ಬರುತ್ತದೆ, ಹಾಗಾಗಿ ಹೋಂವರ್ಕಿನ ಕಾಟ ತಪ್ಪುವುದಿಲ್ಲ. ಒಂದನೇ ತರಗತಿಯವರು ಶಾಲೆಯಲ್ಲಿ ಬೀಜ ಹಾಕಿ ಬೆಳೆಸಿದ ಅಸಗಾವೊ ಎಂಬ ಹೂಬಳ್ಳಿಯ ಕುಂಡವನ್ನು ಮನೆಗೆ ಹೊತ್ತು ತಂದು ನೀರು ಹಾಕಿ, ಹೂ ಬಿಟ್ಟದ್ದನ್ನು ಚಿತ್ರ ಬರೆದು ದಾಖಲಿಸಬೇಕು. ಮೇಲಿನ ತರಗತಿಗಳ ಮಕ್ಕಳಿಗೆ ತಮಗಿಷ್ಟದ ವಿಷಯದ ಮೇಲೆ ಸಣ್ಣ ಸಂಶೋಧನೆ ಇರುತ್ತದೆ: ಹುಳುಹುಪ್ಪಟೆ ಸಂಗ್ರಹಿಸುವುದೋ, ಉಪ್ಪಿನ ಹರಳು ಕಟ್ಟಿಸುವುದೋ. ಬೆಳಿಗ್ಗೆ ಆರೂವರೆಗೆ ಎನ್‌ಎಚ್‌ಕೆ ಬಾನುಲಿಯಲ್ಲಿ ವ್ಯಾಯಾಮದ ಕಾರ್ಯಕ್ರಮ ಬರುತ್ತದೆ. 1928ರಲ್ಲಿ ಶುರುವಾದ ಈ 'ರೇಡಿಯೊ ತೈಸೊ'ಗೆ ಕೇರಿಯ ಮಕ್ಕಳು ನಿದ್ದೆಗಣ್ಣಿನಲ್ಲೇ ಪಾರ್ಕಿಗೋ ದೇವಸ್ಥಾನದ ಅಂಗಳಕ್ಕೋ ಬರುತ್ತಾರೆ. ಎಲ್ಲರ ಕೊರಳಲ್ಲೂ ದಾರ ಪೋಣಿಸಿದ ಒಂದು ಕಾರ್ಡ್. ಪಿಯಾನೊ ಸ್ವರಕ್ಕೆ ಕೈ ಚಾಚಿ, ಬಗ್ಗಿ, ಕುಪ್ಪಳಿಸಿ ಹತ್ತು ನಿಮಿಷ ಕಳೆದ ಮೇಲೆ ಕೇರಿಯ ಹಿರಿಯರೊಬ್ಬರು ಆ ದಿನದ ಚೌಕದಲ್ಲಿ ಮುದ್ರೆ ಒತ್ತುತ್ತಾರೆ. ಕಾರ್ಡ್ ತುಂಬಿದರೆ ಕೊನೆಗೆ ಪೆನ್ಸಿಲ್ಲೋ ಮಿಠಾಯಿಯೋ ಸಿಗುತ್ತದೆ. ಈಗ ಮುದ್ರೆ ಒತ್ತುವ ಹಿರಿಯರಿಗೂ ವಯಸ್ಸಾಗಿದೆ, ಮಕ್ಕಳೂ ಕಡಿಮೆ. ಅನೇಕ ಕಡೆ ಈ ಕೂಟ ವಾರ-ಹತ್ತು ದಿನಕ್ಕೆ ಇಳಿದಿದೆ.

ಮಾಧ್ಯಮಿಕ ಶಾಲೆ ಸೇರುತ್ತಲೇ ಜಪಾನಿನ ಮಗುವಿಗೆ 'ಬುಕಾತ್ಸು', ಅಂದರೆ ಶಾಲಾ ಕ್ಲಬ್ಬು, ಅಂಟಿಕೊಳ್ಳುತ್ತದೆ. ಬೇಸ್‌ಬಾಲ್, ಟೆನಿಸ್, ವಾದ್ಯವೃಂದ, ಅಕ್ಷರಕಲೆ ಹೀಗೆ ಯಾವುದನ್ನೇ ಆರಿಸಿದರೂ ಅದು ಬಹುತೇಕ ದಿನವೂ ಇರುತ್ತದೆ. ಚೆಂಡು ಹೆಕ್ಕುವುದು, ಮೈದಾನ ಗುಡಿಸುವುದು ಕಿರಿಯರ ಪಾಲು. ಹಿರಿಯರ ಮಾತಿಗೆ ಎದುರಿಲ್ಲ. ಅತಿಯಾದ ಅಭ್ಯಾಸದಿಂದ ಮಕ್ಕಳೂ, ಶನಿವಾರ-ಭಾನುವಾರವೂ ದುಡಿಯುವ ಶಿಕ್ಷಕರೂ ಸುಸ್ತಾದ ಮೇಲೆ, ವಾರಕ್ಕೆ ಎರಡು ದಿನವಾದರೂ ಬಿಡುವು ಇರಬೇಕೆಂದು 2018ರಲ್ಲಿ ಮಾರ್ಗಸೂಚಿ ಬಂತು. 2023ರಿಂದ ವಾರಾಂತ್ಯದ ಕ್ಲಬ್ಬುಗಳನ್ನು ಶಾಲೆಯಿಂದ ಬಿಡಿಸಿ ಊರಿನ ಸಂಘಗಳಿಗೆ ಒಪ್ಪಿಸುವ ಕೆಲಸ ನಡೆಯುತ್ತಿದೆ. ಮಕ್ಕಳ ಬಿಡುವಿನ ಮಾತು ಶಿಕ್ಷಕರ ಬಿಡುವಿನ ಮಾತಿನೊಂದಿಗೆ ಸೇರಿಕೊಂಡಾಗಲೇ ಈ ಬದಲಾವಣೆಗೆ ಚಾಲನೆ ಸಿಕ್ಕಿತು ಎನ್ನುವುದು ಗಮನಿಸಬೇಕಾದ ಅಂಶ.

ಯುರೋಪಿನಲ್ಲಿ ಮಧ್ಯಾಹ್ನ ಯಾರದ್ದು ಎಂಬುದೇ ಹಳೆಯ ಜಗಳ. ಫ್ರಾನ್ಸಿನ ಬುಧವಾರ ಇದಕ್ಕೆ ಒಳ್ಳೆಯ ಉದಾಹರಣೆ. 1882ರಲ್ಲಿ ಶಿಕ್ಷಣ ಸಚಿವ ಜೂಲ್ ಫೆರಿ ತಂದ ಕಾನೂನು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿತು, ಸರ್ಕಾರಿ ಶಾಲೆಯಿಂದ ಧರ್ಮಬೋಧೆಯನ್ನು ಹೊರಗಿಟ್ಟಿತು. ಚರ್ಚಿನ ಸಿಟ್ಟು ತಣಿಸಲು ಭಾನುವಾರವಲ್ಲದೆ ವಾರಕ್ಕೆ ಇನ್ನೊಂದು ದಿನ ರಜೆ ಕೊಟ್ಟು, ಬೇಕಾದವರು ಶಾಲೆಯ ಹೊರಗೆ ಧರ್ಮಪಾಠ ಹೇಳಿಸಿಕೊಳ್ಳಲಿ ಎಂದಿತು. ಆ ದಿನ ಮೊದಲು ಗುರುವಾರವಾಗಿತ್ತು, 1972ರಲ್ಲಿ ಬುಧವಾರಕ್ಕೆ ಬಂತು. ಧರ್ಮಪಾಠಕ್ಕೆ ಹೋಗುವವರು ವರ್ಷವರ್ಷಕ್ಕೂ ಕಡಿಮೆಯಾದರು, ರಜೆ ಮಾತ್ರ ಹಾಗೆಯೇ ಉಳಿಯಿತು. ಜೂಡೊ, ನೃತ್ಯ, ಸಂಗೀತ ಶಾಲೆ, ಫುಟ್‌ಬಾಲ್ ಕ್ಲಬ್ಬುಗಳೆಲ್ಲ ಬುಧವಾರವನ್ನೇ ನೆಚ್ಚಿಕೊಂಡವು. ಮನೆಯಲ್ಲಿ ಯಾರೂ ಇಲ್ಲದ ಮಕ್ಕಳಿಗೆ ಪುರಸಭೆಯ ವಿರಾಮ ಕೇಂದ್ರಗಳಿವೆ. ಅಲ್ಲಿ ಆಟ ಆಡಿಸುವವರು ಅದಕ್ಕೆಂದೇ ಇರುವ ಸರ್ಟಿಫಿಕೇಟ್ ಪಡೆದ ಹದಿಹರೆಯದವರು, ಕಾಲೇಜು ವಿದ್ಯಾರ್ಥಿಗಳು. ಅಜ್ಜ-ಅಜ್ಜಿ ಹತ್ತಿರದಲ್ಲಿದ್ದರೆ ಆ ದಿನ ಮಗು ಅವರ ಮನೆಯಲ್ಲಿ. ಇವ್ಯಾವುದೂ ಒದಗದಿದ್ದಾಗ ಕೆಲಸಕ್ಕೆ ರಜೆ ಹಾಕುವವಳು ತಾಯಿ. ಬುಧವಾರ ಬಿಟ್ಟು ವಾರಕ್ಕೆ ನಾಲ್ಕು ದಿನ ದುಡಿಯುವ ಒಪ್ಪಂದ ಫ್ರಾನ್ಸಿನ ತಾಯಂದಿರಲ್ಲಿ ಮಾಮೂಲು, ತಂದೆಯರಲ್ಲಿ ಅಪರೂಪ. 2013ರಲ್ಲಿ ಸರ್ಕಾರ ಬುಧವಾರ ಬೆಳಿಗ್ಗೆ ಶಾಲೆ ನಡೆಸಲು ಹೊರಟಿತು. ಉಳಿದ ದಿನಗಳಲ್ಲಿ ಮಿಗುವ ಹೊತ್ತಿಗೆ ಚಟುವಟಿಕೆ ಒದಗಿಸುವ ಖರ್ಚು ಪುರಸಭೆಗಳ ತಲೆಗೆ ಬಂತು, ಶಿಕ್ಷಕರು ಬೀದಿಗಿಳಿದರು. 2017ರಲ್ಲಿ ಹಳೆಯ ಪದ್ಧತಿಗೆ ಮರಳಲು ಅನುಮತಿ ಸಿಕ್ಕಿದ್ದೇ ತಡ, ಹೆಚ್ಚಿನ ಊರುಗಳು ಮರಳಿದವು. ಪ್ಯಾರಿಸ್ ಸೇರಿದಂತೆ ಕೆಲವು ಊರುಗಳು ಮಾತ್ರ ಬುಧವಾರದ ಬೆಳಗಿನ ತರಗತಿಯನ್ನು ಉಳಿಸಿಕೊಂಡವು.

ಜರ್ಮನಿಯಲ್ಲಿ ಶಾಲೆ ಮಧ್ಯಾಹ್ನ ಮುಗಿದು ಮಗು ಊಟಕ್ಕೆ ಮನೆಗೆ ಬರುವುದೇ ಸಂಪ್ರದಾಯ. ತಾಯಿ ಮನೆಯಲ್ಲಿರುತ್ತಾಳೆ ಎಂಬ ನಂಬಿಕೆಯ ಮೇಲೆ ನಿಂತ ವೇಳಾಪಟ್ಟಿ ಅದು. 2001ರ ಕೊನೆಗೆ ಹೊರಬಿದ್ದ ಪೀಸಾ ಎಂಬ ಅಂತರರಾಷ್ಟ್ರೀಯ ವಿದ್ಯಾರ್ಥಿ ಪರೀಕ್ಷೆಯ ಫಲಿತಾಂಶ ದೇಶಕ್ಕೆ ಆಘಾತ ನೀಡಿದ ನಂತರ ಇಡೀ ದಿನದ ಶಾಲೆಗಳಿಗಾಗಿ ಒಕ್ಕೂಟ ಸರ್ಕಾರ 400 ಕೋಟಿ ಯೂರೊ ತೆಗೆದಿರಿಸಿತು. 2026ರ ಆಗಸ್ಟ್‌ನಿಂದ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ ಎಂಟು ಗಂಟೆಯ ಆರೈಕೆ ಕಾನೂನಿನ ಹಕ್ಕು. ನಂತರದ ವರ್ಷಗಳಲ್ಲಿ ಅದು ನಾಲ್ಕನೇ ತರಗತಿಯವರೆಗೂ ವಿಸ್ತರಿಸಲಿದೆ.

ಐಸ್‌ಲ್ಯಾಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಂಜೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. 1990ರ ದಶಕದಲ್ಲಿ ಅಲ್ಲಿನ ಹದಿಹರೆಯದವರು ಯುರೋಪಿನಲ್ಲೇ ಹೆಚ್ಚು ಕುಡಿಯುವವರ ಸಾಲಿನಲ್ಲಿದ್ದರು. ಶುಕ್ರವಾರ ರಾತ್ರಿ ರೇಕ್ಯಾವಿಕ್‌ನ ಬೀದಿಗಳಲ್ಲಿ ಓಡಾಡಲು ದೊಡ್ಡವರೇ ಅಂಜುತ್ತಿದ್ದರು. ಕುಡಿತ ಕೆಟ್ಟದ್ದೆಂದು ತರಗತಿಯಲ್ಲಿ ಉಪದೇಶ ಮಾಡಿ ಪ್ರಯೋಜನವಾಗಲಿಲ್ಲ. ಸಂಶೋಧಕರು ಶಾಲೆಗಳಲ್ಲಿ ಪ್ರಶ್ನಾವಳಿ ಹಂಚಿ ನೋಡಿದರು. ಸಂಘಟಿತ ಆಟ, ಸಂಗೀತದಲ್ಲಿ ವಾರಕ್ಕೆ ಹಲವು ಸಲ ತೊಡಗಿಕೊಂಡವರು, ಸಂಜೆ ಮನೆಯಲ್ಲಿರುವವರು, ತಂದೆ-ತಾಯಿಯೊಂದಿಗೆ ಹೆಚ್ಚು ಹೊತ್ತು ಕಳೆಯುವವರು ಕುಡಿಯುವುದು ಕಡಿಮೆ ಎಂದು ಕಂಡುಬಂತು. ಅಲ್ಲಿಂದ ಕ್ರಮಗಳು ಒಂದರ ಹಿಂದೊಂದು ಬಂದವು. ಚಳಿಗಾಲದಲ್ಲಿ 12ರೊಳಗಿನವರು ರಾತ್ರಿ ಎಂಟರ ಮೇಲೆ, 13ರಿಂದ 16ರವರು ಹತ್ತರ ಮೇಲೆ ಒಬ್ಬರೇ ಹೊರಗಿರುವಂತಿಲ್ಲ. ಪಾಲಕರು ಸರದಿ ಹಾಕಿಕೊಂಡು ವಾರಾಂತ್ಯದ ರಾತ್ರಿ ಬಡಾವಣೆ ಸುತ್ತುತ್ತಾರೆ. ಕ್ರೀಡೆ, ಸಂಗೀತ, ನೃತ್ಯದ ಶುಲ್ಕಕ್ಕೆಂದು ನಗರಸಭೆ ಪ್ರತಿ ಮಗುವಿಗೆ ವಿರಾಮ ಕಾರ್ಡ್ ಕೊಡುತ್ತದೆ. ಹಿಮಗಾಳಿಯ ದೇಶದಲ್ಲಿ ವರ್ಷವಿಡೀ ಆಡಲು ಒಳಾಂಗಣ ಫುಟ್‌ಬಾಲ್ ಮೈದಾನಗಳು ಎದ್ದವು. 15-16 ವರ್ಷದವರಲ್ಲಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಮತ್ತೇರಿಸಿಕೊಂಡವರ ಪ್ರಮಾಣ 1998ರಲ್ಲಿ ಶೇ 42 ಇದ್ದದ್ದು 2016ಕ್ಕೆ ಶೇ 5ಕ್ಕೆ ಇಳಿಯಿತು. ಮೂರೂವರೆ ಲಕ್ಷ ಜನಸಂಖ್ಯೆಯ ಈ ದೇಶ 2018ರ ಫುಟ್‌ಬಾಲ್ ವಿಶ್ವಕಪ್ ಆಡಿತು, ಅಷ್ಟು ಚಿಕ್ಕ ದೇಶ ಅದಕ್ಕೂ ಮುಂಚೆ ಅಲ್ಲಿಗೆ ತಲುಪಿರಲಿಲ್ಲ. ಕರ್ಫ್ಯೂ ಭಾಗ ಎಲ್ಲರಿಗೂ ಒಪ್ಪಿಗೆಯಾಗುವಂಥದ್ದಲ್ಲ. ಈ ಮಾದರಿಯನ್ನು ಎರವಲು ಪಡೆದ ಅನೇಕ ನಗರಗಳು ಅದನ್ನು ಬಿಟ್ಟು ಉಳಿದದ್ದನ್ನು ತೆಗೆದುಕೊಂಡಿವೆ.

ಇಷ್ಟೆಲ್ಲ ವ್ಯವಸ್ಥೆಯ ನಡುವೆ, ಯಾರೂ ಏನನ್ನೂ ಕಲಿಸದ ಆಟಕ್ಕೆ ಜಾಗ ಹುಡುಕಿದವರೂ ಇದ್ದಾರೆ. ಡೆನ್ಮಾರ್ಕಿನ ಉದ್ಯಾನಶಿಲ್ಪಿ ಸಿ. ಟಿ. ಸೊರೆನ್ಸೆನ್ ತಾನು ಅಂದವಾಗಿ ರೂಪಿಸಿದ ಆಟದ ಮೈದಾನಗಳಿಗಿಂತ ಕಟ್ಟಡದ ಕಾಮಗಾರಿ ನಡೆಯುವ ಜಾಗವೇ ಮಕ್ಕಳಿಗೆ ಹೆಚ್ಚು ಇಷ್ಟ ಎಂಬುದನ್ನು ಗಮನಿಸಿದ. 1943ರಲ್ಲಿ, ದೇಶ ಜರ್ಮನ್ ಸೇನೆಯ ವಶದಲ್ಲಿದ್ದಾಗ, ಕೋಪನ್‌ಹೇಗನ್ನಿನ ಎಮ್‌ಡ್ರುಪ್ ಎಂಬಲ್ಲಿ ಕಾರ್ಮಿಕರ ವಸತಿ ಸಮುಚ್ಚಯಕ್ಕೆ ಸೇರಿದ ಗುಜರಿ ಆಟದಂಗಳ ತೆರೆಯಿತು. ಜಾರುಬಂಡೆ ಇಲ್ಲ, ಉಯ್ಯಾಲೆ ಇಲ್ಲ. ಹಲಗೆ, ಇಟ್ಟಿಗೆ, ಹಳೆ ಟೈರು, ಮೊಳೆ, ಸುತ್ತಿಗೆ, ಗುದ್ದಲಿ ಇದ್ದವು. ಮಕ್ಕಳು ಗುಡಿಸಲು ಕಟ್ಟಿದರು, ಗುಂಡಿ ತೋಡಿದರು, ಬೇಸರವಾದಾಗ ಕೆಡವಿ ಮತ್ತೆ ಕಟ್ಟಿದರು. ಮೊದಲ ಮೇಲ್ವಿಚಾರಕ ಜಾನ್ ಬರ್ಟೆಲ್ಸೆನ್ ಬೇಕಾದ ಸಾಮಾನು ಒದಗಿಸಿ ದೂರ ನಿಲ್ಲುತ್ತಿದ್ದ. 1946ರಲ್ಲಿ ಅದನ್ನು ಕಂಡ ಲೇಡಿ ಅಲೆನ್ ಎಂಬ ಇಂಗ್ಲಿಷ್ ಉದ್ಯಾನಶಿಲ್ಪಿ ಬಾಂಬಿಗೆ ತುತ್ತಾದ ಲಂಡನ್ನಿನ ಖಾಲಿ ನಿವೇಶನಗಳಲ್ಲಿ ಇಂಥವನ್ನು ಶುರುಮಾಡಲು ಪಟ್ಟುಹಿಡಿದಳು. ಆಕೆಯ ಪುಸ್ತಕದ ಜಪಾನಿ ಅನುವಾದದಿಂದ ಪ್ರೇರಣೆ ಪಡೆದವರು 1979ರಲ್ಲಿ ಟೋಕಿಯೊದ ಸೆತಗಾಯಾದಲ್ಲಿ ಹನೇಗಿ ಆಟದಂಗಳ ಆರಂಭಿಸಿದರು. ಅಲ್ಲಿ ಮಕ್ಕಳು ಈಗಲೂ ಬೆಂಕಿ ಹಾಕಿ ಅಡುಗೆ ಮಾಡುತ್ತಾರೆ, ಸೂರಿನ ಮೇಲಿಂದ ನೆಗೆಯುತ್ತಾರೆ.

ಇಂಥ ಅಂಗಳಗಳು ಬೇಕಾದದ್ದು ಬೀದಿ ಕೈತಪ್ಪಿದ್ದರಿಂದ. ಇಂಗ್ಲೆಂಡಿನಲ್ಲಿ 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ಶೇ 80ರಷ್ಟು ಮಂದಿ ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದರು. ಸಂಶೋಧಕ ಮೇಯರ್ ಹಿಲ್‌ಮನ್ ಮತ್ತು ಸಂಗಡಿಗರು 1990ರಲ್ಲಿ ಮತ್ತೆ ಎಣಿಸಿದಾಗ ಅದು ಶೇ 9 ಆಗಿತ್ತು. ರಸ್ತೆ ಅಪಘಾತದಲ್ಲಿ ಸಾಯುವ ಮಕ್ಕಳು ಕಡಿಮೆಯಾಗಿದ್ದರು ನಿಜ, ಆದರೆ ಅದಕ್ಕೆ ಕಾರಣ ರಸ್ತೆ ಸುರಕ್ಷಿತವಾದದ್ದಲ್ಲ, ಮಕ್ಕಳು ರಸ್ತೆಯಿಂದ ಮರೆಯಾದದ್ದು ಎಂದು ಅವರು ತೋರಿಸಿದರು. ಅಮೆರಿಕದಲ್ಲಿ ಮಗುವನ್ನು ಒಂಟಿಯಾಗಿ ಪಾರ್ಕಿಗೆ ಕಳಿಸಿದ ಪಾಲಕರ ಮನೆಗೆ ಅಧಿಕಾರಿಗಳು ಬರುವ ಪರಿಸ್ಥಿತಿ ಬಂದು, ಕೊನೆಗೆ ಯೂಟಾ ರಾಜ್ಯ 2018ರಲ್ಲಿ ಅದು ನಿರ್ಲಕ್ಷ್ಯವಲ್ಲ ಎಂದು ಕಾನೂನು ಮಾಡಬೇಕಾಯಿತು.

ಅದೇ ಅಮೆರಿಕದಲ್ಲಿ ಮಧ್ಯಮ ವರ್ಗದ ಮಗುವಿನ ವಾರ ಕಾರಿನ ಹಿಂದಿನ ಸೀಟಿನಲ್ಲಿ ಕಳೆಯುತ್ತದೆ: ಸಾಕರ್, ಈಜು, ಪಿಟೀಲು, 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಹುಟ್ಟಿದ ಲಿಟಲ್ ಲೀಗ್ ಬೇಸ್‌ಬಾಲ್. ಅಲ್ಲಿನ ಭಾರತೀಯ ಮನೆಗಳಲ್ಲಿ ಈ ಪಟ್ಟಿಗೆ ಸ್ಪೆಲಿಂಗ್ ಬೀ, ಭರತನಾಟ್ಯ, ಸಂಗೀತ ಸೇರುತ್ತವೆ. ಕನ್ನಡದ ಮನೆಯಾದರೆ ಶನಿವಾರ ಅಥವಾ ಭಾನುವಾರದ ಕನ್ನಡ ತರಗತಿಯೂ ಉಂಟು. ಅಮೆರಿಕದ ಹಲವು ಕನ್ನಡ ಕೂಟಗಳು, ದುಬೈನ ಕನ್ನಡ ಪಾಠಶಾಲೆ ಇವನ್ನೆಲ್ಲ ನಡೆಸುವವರು ಬೇರೆ ಉದ್ಯೋಗದಲ್ಲಿರುವ ಅಪ್ಪ-ಅಮ್ಮಂದಿರೇ. ಊರಿನಲ್ಲಿ ಅಜ್ಜಿಯ ಬಾಯಿಂದ ಬರುತ್ತಿದ್ದ ಭಾಷೆ ಅಲ್ಲಿ ವೇಳಾಪಟ್ಟಿಯ ಒಂದು ಗಂಟೆಯಾಗಿದೆ. ಹೈಸ್ಕೂಲು ಮುಟ್ಟಿದ ಮೇಲೆ ಆ ಗಂಟೆಗೆ ಆಟದ ಅಭ್ಯಾಸ, ಪರೀಕ್ಷಾ ತಯಾರಿಗಳು ಪೈಪೋಟಿಗೆ ಬರುತ್ತವೆ.

ಮಕ್ಕಳ ಹೊತ್ತಿಗೆ ತೀರ ಈಚೆಗೆ ಬಂದ ಹಕ್ಕುದಾರ ಮೊಬೈಲ್ ಪರದೆ. ಮನೆ, ಪರೀಕ್ಷೆ, ಕ್ಲಬ್ಬುಗಳಂತೆ ಅದು ಗೊತ್ತಾದ ಗಂಟೆಯನ್ನು ಕೇಳುವುದಿಲ್ಲ, ಎಲ್ಲದರ ಸಂದಿಯಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದಲೇ ಸರ್ಕಾರಗಳು ಅದನ್ನು ಗಡಿಯಾರದಿಂದ ಕಟ್ಟಿಹಾಕಲು ನೋಡಿವೆ. ಚೀನಾ 2021ರಲ್ಲಿ 18ರೊಳಗಿನವರ ಆನ್‌ಲೈನ್ ಆಟವನ್ನು ಶುಕ್ರವಾರ, ವಾರಾಂತ್ಯ ಮತ್ತು ಸರ್ಕಾರಿ ರಜೆಗಳಂದು ರಾತ್ರಿ ಎಂಟರಿಂದ ಒಂಬತ್ತರವರೆಗಿನ ಒಂದು ಗಂಟೆಗೆ ಮಿತಿಗೊಳಿಸಿತು. ಅಜ್ಜ-ಅಜ್ಜಿಯ ಗುರುತಿನ ಸಂಖ್ಯೆ ಬಳಸಿ ಮಕ್ಕಳು ಒಳನುಸುಳಿದಾಗ ಕಂಪನಿಗಳು ಮುಖ ಗುರುತಿಸುವ ತಂತ್ರ ತಂದವು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16ರೊಳಗಿನವರು ಇನ್‌ಸ್ಟಾಗ್ರಾಮ್, ಟಿಕ್‌ಟಾಕ್, ಸ್ನ್ಯಾಪ್‌ಚಾಟ್‌ಗಳಂಥ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ಅಲ್ಲಿ ನಿಯಮ ಮುರಿದರೆ ದಂಡ ಬೀಳುವುದು ಮಗುವಿಗೂ ಅಲ್ಲ, ಪಾಲಕರಿಗೂ ಅಲ್ಲ, ಕಂಪನಿಗೆ, 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ.